ಅಕಾಡೆಮಿಯ ಒಳಗೆ ನೀವು, ಹೊರಗೆ ನಿಮ್ಮ ಬಿಲ್‌ಗಳು

ಸೇನೆಯಲ್ಲಿ ಅಧಿಕಾರಿಯಾಗಲು ಎದುರಿಸುವ ಎಸ್‌ಎಸ್‌ಬಿ ಸಂದರ್ಶನ ಆಯಿತು, ಮೆಡಿಕಲ್ ಆಯಿತು, ಮೆರಿಟ್ ಲಿಸ್ಟ್‌ನಲ್ಲಿ ಹೆಸರೂ ಬಂತು. ಜಾಯಿನಿಂಗ್ ಲೆಟರ್ ಕೈಗೆ ಸಿಕ್ಕ ಮೇಲೆ ಎಲ್ಲರೂ ಮಾತಾಡುವುದು ಓಟದ ಬಗ್ಗೆ, ಪುಷ್‌ಅಪ್ ಬಗ್ಗೆ, ತಲೆ ಬೋಳಿಸುವ ಕಟಿಂಗ್ ಬಗ್ಗೆ. ದುಡ್ಡಿನ ವಿಷಯ ಬಂದರೆ ‘ಸ್ಟೈಪೆಂಡ್ ಕೊಡ್ತಾರಲ್ಲ, ಇನ್ನೇನು ಬೇಕು’ ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಕೊಡುವುದೇನೋ ನಿಜ. ಆದರೆ ತರಬೇತಿಗೆ ಹೋದವರ ಕಂತು ಬೌನ್ಸ್ ಆಗಲು ದುಡ್ಡು ಇಲ್ಲದಿರುವುದೇ ಕಾರಣ ಆಗಬೇಕಿಲ್ಲ. ದುಡ್ಡು ಒಂದು ಖಾತೆಯಲ್ಲಿ ಇರುತ್ತದೆ, ಕಂತು ಇನ್ನೊಂದು ಖಾತೆಯಿಂದ ಹೋಗಬೇಕಿರುತ್ತದೆ. ಅದನ್ನು ಇಲ್ಲಿಂದ ಅಲ್ಲಿಗೆ ಹಾಕಲು ಬೇಕಾದ ಮೊಬೈಲ್ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಹಾಗಾಗಿ ಸೇರುವ ಮುಂಚೆ ಮಾಡಬೇಕಾದ ಕೆಲಸ ಮುಖ್ಯವಾಗಿ ಒಂದೇ. ನಿಮ್ಮ ಬೆರಳು, ನಿಮ್ಮ ಪಿನ್, ನಿಮ್ಮ ಒಟಿಪಿ ಇಲ್ಲದೆ ನಡೆಯದ ವ್ಯವಹಾರಗಳನ್ನು ಎಷ್ಟು ಆಗುತ್ತದೋ ಅಷ್ಟು ಕಡಿಮೆ ಮಾಡುವುದು. ಉಳಿದ ಸಲಹೆಗಳೆಲ್ಲ ಇದರ ಬಾಲ ಹಿಡಿದುಕೊಂಡು ಬರುತ್ತವೆ.

ಮೊದಲು, ಬರುವ ದುಡ್ಡು

ಡೆಹ್ರಾಡೂನ್‌ನ ಐಎಂಎ (ಇಂಡಿಯನ್ ಮಿಲಿಟರಿ ಅಕಾಡೆಮಿ) ಅಥವಾ ಚೆನ್ನೈನ ಒಟಿಎಗೆ (ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ) ಹೋದವರಿಗೆ ತರಬೇತಿ ಪೂರ್ತಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್. ಇದು 7ನೇ ವೇತನ ಆಯೋಗದ ಲೆಕ್ಕದಲ್ಲಿ ಲೆವೆಲ್ 10ರ ಮೊದಲ ಮೆಟ್ಟಿಲು. ಅಂದರೆ ಲೆಫ್ಟಿನೆಂಟ್ ಆದ ದಿನ ಸಿಗುವ ಮೂಲ ವೇತನವೂ ಇಷ್ಟೇ. ವ್ಯತ್ಯಾಸ ಇರುವುದು ಮೇಲೆ ಸೇರುವ ಭತ್ಯೆಗಳಲ್ಲಿ. ಕಮಿಷನ್ ಆದ ಮೇಲೆ, ಅಂದರೆ ಅಧಿಕಾರಿಯಾಗಿ ನೇಮಕ ಆದ ಮೇಲೆ, ಮಿಲಿಟರಿ ಸರ್ವಿಸ್ ಪೇ ಅಂತ 15,500 ಸೇರುತ್ತದೆ, ಅದರ ಮೇಲೆ ತುಟ್ಟಿಭತ್ಯೆ ಬರುತ್ತದೆ. ಕೆಡೆಟ್ ಆಗಿದ್ದಾಗ ಅದು ಯಾವುದೂ ಕೈಗೆ ಬರುವುದಿಲ್ಲ. ತರಬೇತಿ ಅವಧಿಗೆ ಸಲ್ಲುವ ಭತ್ಯೆಗಳ ಬಾಕಿಯನ್ನು ಕಮಿಷನ್ ಆದ ನಂತರ ಒಟ್ಟಿಗೆ ಕೊಡುತ್ತಾರೆ.

ಈ ‘ನಂತರ’ ಅನ್ನುವುದನ್ನು ಸ್ವಲ್ಪ ಗಮನಿಸಿ. ಬಾಕಿ ಬರುತ್ತದೆ ಎಂದು ಈಗಲೇ ಲೆಕ್ಕ ಹಾಕಿ ಸಾಲ ಮಾಡುವವರು ಇದ್ದಾರೆ. ಆದರೆ ಬಾಕಿ ಸಿಗುವುದು ತರಬೇತಿ ಮುಗಿಸಿ ಪಾಸಿಂಗ್ ಔಟ್ ಆದವರಿಗೆ. ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದರೆ, ಇಲ್ಲವೇ ಯಾವುದೋ ಟೆಸ್ಟ್‌ನಲ್ಲಿ ಹಿಂದೆ ಬಿದ್ದರೆ ಒಂದು ಟರ್ಮ್ ಹಿಂದಕ್ಕೆ ಹಾಕುತ್ತಾರೆ. ಇದಕ್ಕೆ ರೆಲಿಗೇಶನ್ ಅನ್ನುತ್ತಾರೆ. ಆಗ ನಿಮ್ಮ ಕಮಿಷನ್ ಸುಮಾರು ಆರು ತಿಂಗಳು ಮುಂದಕ್ಕೆ ಹೋಗುತ್ತದೆ, ಬಾಕಿಯೂ ಅದರ ಹಿಂದೆಯೇ ಹೋಗುತ್ತದೆ. ಒಟಿಎಯಲ್ಲಿ ತರಬೇತಿ 49 ವಾರ, ಪದವೀಧರರು ಬರೆಯುವ ಸಿಡಿಎಸ್ ಪರೀಕ್ಷೆಯ ಮೂಲಕ ನೇರವಾಗಿ ಐಎಂಎಗೆ ಹೋದವರಿಗೆ 18 ತಿಂಗಳು. ದುಡ್ಡಿನ ಯೋಜನೆ ಹಾಕುವಾಗ ಇದಕ್ಕೆ ಆರು ತಿಂಗಳು ಸೇರಿಸಿಯೇ ಹಾಕಿ. ಅಪಶಕುನ ಅಂತ ಅಂದುಕೊಳ್ಳಬೇಡಿ, ಇದು ಬರೀ ಲೆಕ್ಕ.

ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಕಥೆ ಬೇರೆ. ಖಡಕ್‌ವಾಸ್ಲಾದ ಆ ಮೂರು ವರ್ಷ ಸ್ಟೈಪೆಂಡ್ ಇಲ್ಲ. ಊಟ, ವಸತಿ, ಯೂನಿಫಾರ್ಮ್, ಪುಸ್ತಕ, ಚಿಕಿತ್ಸೆ ಎಲ್ಲ ಸರ್ಕಾರದ್ದು. ಕೈಖರ್ಚು ಮಾತ್ರ ಮನೆಯವರದು. ಮನೆಯಲ್ಲಿ ಅದಕ್ಕೂ ಕಷ್ಟ ಇದ್ದರೆ ಸರ್ಕಾರದ ನೆರವಿಗೆ ಅರ್ಜಿ ಹಾಕಬಹುದು, ಆದಾಯದ ಮಿತಿ ಇದೆ. ನಾಚಿಕೆಪಟ್ಟು ಸುಮ್ನೆ ಕೂರುವುದು ಬೇಡ. ಅವರಿಗೆ ಸ್ಟೈಪೆಂಡ್ ಶುರುವಾಗುವುದು ಅಲ್ಲಿಂದ ಮುಂದಿನ ಅಕಾಡೆಮಿಗೆ ಬಂದ ಮೇಲೆ. ಹದಿನೆಂಟರ ಹುಡುಗ ಹುಡುಗಿಯರಿಗೆ ಸ್ವಂತ ಬಿಲ್‌ಗಳೂ ಕಡಿಮೆ. ಹಾಗಾಗಿ ಇಲ್ಲಿ ಹೆಚ್ಚಾಗಿ ಹೇಳುತ್ತಿರುವುದು ಪದವಿ ಮುಗಿಸಿ, ಒಂದೆರಡು ವರ್ಷ ಕೆಲಸವನ್ನೂ ಮಾಡಿ, ಸಾಲ ಗೀಲ ತಲೆ ಮೇಲೆ ಇಟ್ಟುಕೊಂಡು ಹೋಗುವವರ ಬಗ್ಗೆ.

56,100 ಪೂರ್ತಿ ಕೈಗೆ ಬರುತ್ತದೆ ಎಂದುಕೊಳ್ಳಬೇಡಿ. ಊಟ, ವಸತಿ ಸರ್ಕಾರದ್ದೇ ಆದರೂ ಸಣ್ಣಪುಟ್ಟದ್ದು ತುಂಬಾ ಇರುತ್ತದೆ. ದರ್ಜಿಯ ಹತ್ತಿರ ಹೊಲಿಸುವ ಬಟ್ಟೆ, ಕ್ಯಾಂಟೀನ್ ಸಾಮಾನು, ಬಟ್ಟೆ ಒಗೆಸುವುದು, ಕಟಿಂಗ್, ಮೆಸ್‌ನ ಮೇಲ್ಖರ್ಚು, ಹರಿದ ಶೂಗೆ ಇನ್ನೊಂದು ಜೊತೆ. ಶುರುವಿನ ತಿಂಗಳುಗಳಲ್ಲಿ ಇದೆಲ್ಲ ಒಟ್ಟಿಗೆ ಮೈಮೇಲೆ ಬರುತ್ತದೆ. ಅದರ ಜೊತೆ ಕಾಗದಪತ್ರ. ಖಾತೆ, ಪ್ಯಾನ್, ಫಾರ್ಮ್‌ಗಳು ಎಲ್ಲ ಸರಿಹೋಗುವ ತನಕ ಮೊದಲ ಸ್ಟೈಪೆಂಡ್ ತಡವಾಗಬಹುದು. ಮೂರು ತಿಂಗಳ ಕಂತಿಗೆ ಆಗುವಷ್ಟು ದುಡ್ಡನ್ನು ಮೊದಲೇ ಖಾತೆಯಲ್ಲಿ ಇಟ್ಟು ಹೋಗಿ ಎನ್ನುವುದು ನನ್ನ ಮಾತು. ಆಮೇಲೆಯೂ ತಿಂಗಳ ಕಂತು, ಬಿಲ್ಲು ಎಲ್ಲ ಸೇರಿ ಸ್ಟೈಪೆಂಡಿನ ಅರ್ಧ, ಅಂದರೆ 28,000 ದಾಟಬಾರದು. ದಾಟುತ್ತಿದ್ದರೆ ಹೋಗುವ ಮುಂಚೆಯೇ ಏನನ್ನಾದರೂ ತೀರಿಸಬೇಕು.

ಸಿಮ್ ಸತ್ತರೆ ಬ್ಯಾಂಕೂ ಸತ್ತ ಹಾಗೆ

ಮೊದಲ ಕೆಲವು ವಾರ ಮೊಬೈಲ್ ಕೈಗೆ ಸಿಗುವುದೇ ಅಪರೂಪ. ಸಿಕ್ಕರೂ ಅಮ್ಮನ ಜೊತೆ ಎರಡು ಮಾತು ಆಡುವಷ್ಟರಲ್ಲಿ ವಿಷಲ್ ಬಿದ್ದಿರುತ್ತದೆ. ಅಂಥ ಹೊತ್ತಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ ನೋಡುತ್ತಾ ಕೂರುವವರು ಯಾರು?

ಪ್ರಿಪೇಯ್ಡ್ ಸಿಮ್ 90 ದಿನ ಬಳಸದೆ ಬಿಟ್ಟರೆ ಕಂಪನಿ ಅದನ್ನು ಬಂದ್ ಮಾಡಬಹುದು. ಸಿಮ್‌ನಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಅದನ್ನು ಮುರಿದುಕೊಂಡು ಇನ್ನೊಂದು 30 ದಿನ ಉಳಿಸಿಕೊಡಬೇಕು ಎನ್ನುವುದು ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮ. ಸಿಮ್ ಹೋಯಿತು ಎಂದರೆ ಒಟಿಪಿ ಹೋಯಿತು, ನೆಟ್ ಬ್ಯಾಂಕಿಂಗ್ ಹೋಯಿತು, ಆಧಾರ್‌ಗೆ ಜೋಡಿಸಿದ ನಂಬರೂ ಹೋಯಿತು. ಮುಂದೆ ಆ ನಂಬರ್ ಇನ್ಯಾರದೋ ಪಾಲಾಗುತ್ತದೆ. ಅದಕ್ಕೇ ಹೊರಡುವ ಮುಂಚೆ ವರ್ಷದ ರೀಚಾರ್ಜ್ ಹಾಕಿಸಿ. ದುಬಾರಿ ಅನ್ನಿಸಬಹುದು. ಪರವಾಗಿಲ್ಲ, ಈ ಪಟ್ಟಿಯಲ್ಲಿ ಇದಕ್ಕಿಂತ ಲಾಭದ ಖರ್ಚು ಇನ್ನೊಂದಿಲ್ಲ. ಯುಪಿಐ ಐಡಿ ಕೂಡ ಒಂದು ವರ್ಷ ಮುಟ್ಟದೆ ಇದ್ದರೆ ನಿಷ್ಕ್ರಿಯವಾಗುತ್ತದೆ, ಆಗಾಗ ಹತ್ತು ರೂಪಾಯಿಯದಾದರೂ ಒಂದು ವ್ಯವಹಾರ ಮಾಡುತ್ತಿರಿ.

ಇನ್ನು ತಾನಾಗಿ ಕಡಿತವಾಗುವ ಕಂತುಗಳು. ಆಟೋಪೇ ಹಾಕಿದರೆ ಸಾಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎಲ್ಲ ಆಟೋಪೇ ಒಂದೇ ಥರ ಅಲ್ಲ. ಸಾಲದ ಕಂತಿಗೆ ಬ್ಯಾಂಕ್ ಬರೆಸಿಕೊಳ್ಳುವ ನ್ಯಾಚ್ ಮ್ಯಾಂಡೇಟ್‌ಗೆ (ಖಾತೆಯಿಂದ ಕಂತು ಕಡಿತ ಮಾಡಲು ಕೊಡುವ ಒಪ್ಪಿಗೆ) ಒಮ್ಮೆ ಸಹಿ ಬಿದ್ದರೆ ಮುಗಿಯಿತು, ಪ್ರತಿ ತಿಂಗಳು ಸದ್ದಿಲ್ಲದೆ ಕಡಿತವಾಗುತ್ತದೆ. ಕಾರ್ಡ್ ಅಥವಾ ಯುಪಿಐ ಮೇಲೆ ಹಾಕಿದ ಆಟೋಪೇಗೆ ಮಾತ್ರ ಮಿತಿ ಇದೆ. ಒಂದು ಸಲಕ್ಕೆ 15,000 ರೂಪಾಯಿ ದಾಟಿದರೆ ಪ್ರತಿ ಸಲವೂ ನಿಮ್ಮ ಒಪ್ಪಿಗೆ ಬೇಕು, ಒಟಿಪಿಯೋ ಪಿನ್ನೋ ಕೇಳುತ್ತದೆ. ಮ್ಯೂಚುವಲ್ ಫಂಡ್ ಕಂತು, ವಿಮೆ ಪ್ರೀಮಿಯಂ, ಕ್ರೆಡಿಟ್ ಕಾರ್ಡ್ ಬಿಲ್ ಈ ಮೂರಕ್ಕೆ ಈ ಮಿತಿಯನ್ನು 2023ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ 1 ಲಕ್ಷಕ್ಕೆ ಏರಿಸಿದೆ. ಹಾಗಾಗಿ ನಿಮ್ಮ ಯಾವ ಕಂತು ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಒಂದೊಂದಾಗಿ ನೋಡಿ. ‘ಆಟೋಪೇ ಇದೆ’ ಎಂದುಕೊಂಡ 18,000ದ ಕಂತು ಡೆಹ್ರಾಡೂನ್‌ನಲ್ಲಿ ನೀವು ಹಗ್ಗ ಹತ್ತುತ್ತಿರುವಾಗ ನಿಮ್ಮ ಒಪ್ಪಿಗೆಗೆ ಕಾದು ಕಾದು ಬಿದ್ದುಹೋಗಬಹುದು.

ಖಾತೆಯಲ್ಲಿ ದುಡ್ಡಿಲ್ಲದೆ ನ್ಯಾಚ್ ಬೌನ್ಸ್ ಆದರೆ ಎರಡೂ ಕಡೆ ಬರೆ. ನಿಮ್ಮ ಬ್ಯಾಂಕೂ ದಂಡ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ, ಮೇಲೆ ಸಿಬಿಲ್‌ಗೂ, ಅಂದರೆ ಸಾಲ ತೀರಿಸುವ ಚರಿತ್ರೆಗೆ ಸಿಗುವ ಅಂಕಕ್ಕೂ, ಏಟು. ಕಾನೂನಿನ ಕಣ್ಣಲ್ಲಿ ಇದು ಚೆಕ್ ಬೌನ್ಸ್‌ನ ತಮ್ಮ. 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಅಡಿ ಅಪರಾಧವೂ ಹೌದು.

ಹಾಗಾಗಿ ಖಾತೆಗಳ ಸಂಖ್ಯೆ ಇಳಿಸಿ. ಹಳೇ ಕಂಪನಿಯ ಸ್ಯಾಲರಿ ಅಕೌಂಟ್‌ಗೆ ಸಂಬಳ ಬರುವುದು ನಿಂತ ಕೆಲವು ತಿಂಗಳಿಗೆ ಅದು ಸಾಮಾನ್ಯ ಉಳಿತಾಯ ಖಾತೆಯಾಗಿಬಿಡುತ್ತದೆ. ಮಿನಿಮಮ್ ಬ್ಯಾಲೆನ್ಸ್ ಇಲ್ಲದಿದ್ದರೆ ದಂಡ ಹಾಕುವ ಬ್ಯಾಂಕುಗಳಿವೆ. ನಿಮ್ಮ ಕಂತುಗಳೆಲ್ಲ ಅದೇ ಖಾತೆಗೆ ಕಟ್ಟಿದ್ದರೆ, ಸ್ಟೈಪೆಂಡ್ ಹೊಸ ಖಾತೆಗೆ ಬೀಳುತ್ತಿದ್ದರೆ, ಮಧ್ಯೆ ಒಂದು ಸೇತುವೆ ಬೇಕಲ್ವಾ? ಹೊಸ ಖಾತೆಯಿಂದ ಹಳೆಯದಕ್ಕೆ ಪ್ರತಿ ತಿಂಗಳು ಇಂತಿಷ್ಟು ಹೋಗಲಿ ಎಂದು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡುವುದೇ ಆ ಸೇತುವೆ. ಇದನ್ನು ಖಾತೆ ತೆರೆದ ಮೊದಲ ವಾರವೇ ಮಾಡಿ. ಕಂತಿನ ತಾರೀಖನ್ನು ತಿಂಗಳ 5 ಅಥವಾ 7ಕ್ಕೆ ಬದಲಾಯಿಸಿಕೊಡಿ ಎಂದು ಸಾಲ ಕೊಟ್ಟವರನ್ನೂ ಕೇಳಿ ನೋಡಿ, ಒಪ್ಪುವವರು ಇದ್ದಾರೆ.

ಮನೆಯವರ ಕೈಗೆ ಏನು ಕೊಡಬೇಕು, ಏನು ಕೊಡಬಾರದು

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಏನು ಗೊತ್ತಾ? ಹೊರಡುವ ದಿನ ಮೊಬೈಲನ್ನೂ ಎಟಿಎಂ ಕಾರ್ಡನ್ನೂ ತಂಗಿಯ ಕೈಗೆ ಕೊಟ್ಟು, ಪಿನ್ ಒಂದು ಚೀಟಿಯಲ್ಲಿ ಬರೆದು, ‘ನೋಡ್ಕೋ’ ಅಂತ ಹೇಳಿ ರೈಲು ಹತ್ತುವುದು. ತಂಗಿ ಮೇಲೆ ಅನುಮಾನ ಅಂತಲ್ಲ. ಆದರೆ ನಾಳೆ ಯಾರೋ ಮೋಸಗಾರ ಆ ಮೊಬೈಲಿಗೆ ಫೋನ್ ಮಾಡಿ ದುಡ್ಡು ಹೊಡೆದರೆ ಬ್ಯಾಂಕ್ ಕೈ ಎತ್ತುತ್ತದೆ. ಗ್ರಾಹಕರೇ ಪಿನ್, ಒಟಿಪಿ ಹಂಚಿಕೊಂಡು ಆದ ನಷ್ಟ, ಬ್ಯಾಂಕಿಗೆ ದೂರು ಕೊಡುವ ತನಕ ಗ್ರಾಹಕರದೇ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ.

ಇದಕ್ಕಿಂತ ಚೆನ್ನಾದ ದಾರಿಗಳಿವೆ. ಅಪ್ಪನ ಅಥವಾ ಅಮ್ಮನ ಜೊತೆ ‘ಐದರ್ ಆರ್ ಸರ್ವೈವರ್’ ಜಂಟಿ ಖಾತೆ ತೆರೆಯಿರಿ. ಇಬ್ಬರಲ್ಲಿ ಯಾರು ಬೇಕಾದರೂ ವ್ಯವಹಾರ ಮಾಡಬಹುದು, ಅವರ ಕಾರ್ಡ್ ಅವರಿಗೆ, ಅವರ ಪಿನ್ ಅವರಿಗೆ. ಮನೆಗೆ ಬೇಕಾದಷ್ಟನ್ನು ಮಾತ್ರ ತಿಂಗಳಿಗೊಮ್ಮೆ ಅದಕ್ಕೆ ಹಾಕಿ. ನಿಮ್ಮ ಮುಖ್ಯ ಖಾತೆ ನಿಮ್ಮದೇ ಇರಲಿ. ಸಣ್ಣ ಖರ್ಚಿಗೆ ಇನ್ನೊಂದು ಅನುಕೂಲ 2024ರಲ್ಲಿ ಬಂದಿದೆ, ಯುಪಿಐ ಸರ್ಕಲ್ ಅಂತ. ನಿಮ್ಮ ಖಾತೆಯಿಂದ ಇನ್ನೊಬ್ಬರು ಅವರ ಮೊಬೈಲಿನಿಂದಲೇ ಪಾವತಿ ಮಾಡಲು ನೀವು ಒಪ್ಪಿಗೆ ಕೊಡಬಹುದು. ಪೂರ್ತಿ ಅಧಿಕಾರ ಕೊಟ್ಟರೆ ತಿಂಗಳಿಗೆ 15,000, ಒಂದು ಸಲಕ್ಕೆ 5,000 ಮಿತಿ. ಪ್ರತಿ ಸಲ ನಿಮ್ಮ ಪಿನ್ ಬೇಕಿಲ್ಲ. ಮನೆಯ ಕರೆಂಟ್ ಬಿಲ್, ಗ್ಯಾಸ್, ಅಜ್ಜಿಯ ಔಷಧಿ ಇಷ್ಟಕ್ಕೆ ಧಾರಾಳ ಸಾಕು.

ಮೋಸದ ಮಾತು ಬಂದಾಗ ಇದನ್ನೂ ಹೇಳಬೇಕು. ‘ನಿಮ್ಮ ಮಗ ಟ್ರೈನಿಂಗ್‌ನಲ್ಲಿ ಗಾಯ ಮಾಡಿಕೊಂಡಿದ್ದಾನೆ, ತಕ್ಷಣ ದುಡ್ಡು ಹಾಕಿ’ ಎಂದು ಯಾರಾದರೂ ಮನೆಗೆ ಫೋನ್ ಮಾಡಬಹುದು. ಮಗನನ್ನು ಸಂಪರ್ಕಿಸಲು ಆಗದ ಮನೆಯವರು ಇಂಥದ್ದಕ್ಕೆ ಬೇಗ ಬೀಳುತ್ತಾರೆ. ಕೆಡೆಟ್‌ಗಳ ಚಿಕಿತ್ಸೆಯ ಖರ್ಚು ಸರ್ಕಾರದ್ದು, ಯಾರೂ ಫೋನ್ ಮಾಡಿ ದುಡ್ಡು ಕೇಳುವುದಿಲ್ಲ ಎಂದು ಹೊರಡುವ ಮುಂಚೆಯೇ ಮನೆಯಲ್ಲಿ ಕೂರಿಸಿ ಹೇಳಿ. ಅಕಾಡೆಮಿಯ ನಂಬರನ್ನು ಗೋಡೆ ಮೇಲೆ ಬರೆದಿಡಿ.

ಸಾಲಗಳು, ದೊಡ್ಡದರಿಂದ ಸಣ್ಣದಕ್ಕೆ

ಎಂಜಿನಿಯರಿಂಗ್ ಓದಿದ ಹಲವರಿಗೆ ಶಿಕ್ಷಣ ಸಾಲ ಇರುತ್ತದೆ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಓದು ಮುಗಿದ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಕೇಳಲು ಹಿತವಾಗಿದೆ. ಆದರೆ ಬಡ್ಡಿ ಆಗಲೂ ಓಡುತ್ತಲೇ ಇರುತ್ತದೆ, ಆ ಅವಧಿ ಮುಗಿದಾಗ ಅಸಲಿಗೆ ಸೇರಿಕೊಂಡು ಕಂತನ್ನು ಉಬ್ಬಿಸುತ್ತದೆ. ಸ್ಟೈಪೆಂಡ್ ಬರುವಾಗ ಬಡ್ಡಿಯನ್ನಾದರೂ ಕಟ್ಟುತ್ತಾ ಹೋದರೆ ಆ ಉಬ್ಬರ ಇರುವುದಿಲ್ಲ. ನಿಮ್ಮ ಸಾಲ ಪತ್ರ ತೆಗೆದು ಕಂತಿಗೆ ಕೊಟ್ಟ ಈ ರಜೆಯ ಅವಧಿ ಯಾವ ತಿಂಗಳು ಮುಗಿಯುತ್ತದೆ ಎಂದು ನೋಡಿ. ಅದು ತರಬೇತಿಯ ಮಧ್ಯದಲ್ಲೇ ಬಿದ್ದರೆ, ಮೊದಲ ಕಂತಿನ ತಾರೀಖು ನಿಮಗೆ ತಿಳಿಯದೆ ದಾಟಿಹೋಗಬಹುದು. ಬ್ಯಾಂಕಿನ ಎಸ್‌ಎಂಎಸ್ ಬೀಗ ಹಾಕಿದ ಪೆಟ್ಟಿಗೆಯಲ್ಲಿರುವ ಮೊಬೈಲಿಗೆ ಬರುತ್ತದೆ. ಸಾಲಕ್ಕೆ ಅಪ್ಪ ಸಹ ಸಾಲಗಾರರಾಗಿದ್ದರೆ ಅವರ ಸಿಬಿಲ್ಲೂ ಕೆಡುತ್ತದೆ.

ಅಮೆರಿಕದಲ್ಲಿ ಸೈನ್ಯಕ್ಕೆ ಸೇರುವ ಮುಂಚೆ ಮಾಡಿದ ಸಾಲದ ಬಡ್ಡಿಯನ್ನು ಸೇವೆಯಲ್ಲಿರುವಾಗ ಶೇ 6ಕ್ಕೆ ಇಳಿಸಬೇಕು ಎನ್ನುವ ಕಾನೂನೇ ಇದೆ. ನಮ್ಮಲ್ಲಿ ಅಂಥ ಕಾನೂನಿಲ್ಲ. ‘ಸೇನೆಗೆ ಸೇರಿದ್ದೇನೆ’ ಎಂದರೆ ಬ್ಯಾಂಕಿನವರು ಚಹಾ ಕೊಟ್ಟು ಮರ್ಯಾದೆ ಮಾಡಬಹುದು, ಬಡ್ಡಿ ಬಿಡುವುದಿಲ್ಲ.

ಕ್ರೆಡಿಟ್ ಕಾರ್ಡ್ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ಪೂರ್ತಿ ತೀರಿಸಿ, ಒಂದೇ ಒಂದು ಕಾರ್ಡ್ ಇಟ್ಟುಕೊಂಡು ಉಳಿದದ್ದನ್ನು ಮುಚ್ಚಿ ಹೋಗಿ. ಬಿಲ್ಲಿನ ಕೊನೇ ದಿನ ದಾಟಿ ಮೂರು ದಿನಕ್ಕಿಂತ ಜಾಸ್ತಿ ಆದರೆ ಲೇಟ್ ಫೀ ಹಾಕಬಹುದು, ಸಿಬಿಲ್‌ಗೂ ವರದಿ ಮಾಡಬಹುದು. ಕಾಡಿನ ಕ್ಯಾಂಪ್‌ಗೆ ಹೋದವರಿಗೆ ಮೂರು ದಿನ ಯಾವ ಲೆಕ್ಕ? ಇಟ್ಟುಕೊಂಡ ಆ ಒಂದು ಕಾರ್ಡಿಗೆ ‘ಮಿನಿಮಮ್ ಡ್ಯೂ’ ಅಲ್ಲ, ‘ಟೋಟಲ್ ಡ್ಯೂ’ ಆಟೋ ಡೆಬಿಟ್ ಹಾಕಿ. ಎರಡರ ಮಧ್ಯೆ ಒಂದು ಟಿಕ್ ಮಾರ್ಕಿನ ಅಂತರ. ಮಿನಿಮಮ್ ಮೇಲೆ ಬಿಟ್ಟರೆ ಉಳಿದ ಬಾಕಿಗೆ ಬಡ್ಡಿ ಬೆಳೆಯುತ್ತಾ ಹೋಗುತ್ತದೆ, ವರ್ಷಕ್ಕೆ ಶೇ 40ರ ಆಸುಪಾಸು ಬಡ್ಡಿ ಹಾಕುವ ಕಾರ್ಡ್‌ಗಳೂ ಇವೆ. ಕಾರ್ಡ್ ಒಂದು ವರ್ಷಕ್ಕಿಂತ ಹೆಚ್ಚು ಬಳಸದಿದ್ದರೆ ಬ್ಯಾಂಕ್ ನೋಟಿಸ್ ಕೊಟ್ಟು ಮುಚ್ಚಬಹುದು ಎನ್ನುವುದೂ ನೆನಪಿರಲಿ.

ಫೋನಿನ ಕಂತು, ಸಿನಿಮಾ ಆ್ಯಪ್‌ಗಳ ಚಂದಾ, ಜಿಮ್ ಮೆಂಬರ್‌ಶಿಪ್ ಎಲ್ಲ ಮುಗಿಸಿ. ಜಿಮ್‌ಗೆ ಬದಲಿ ವ್ಯವಸ್ಥೆ ಅಲ್ಲಿ ಚೆನ್ನಾಗಿಯೇ ಇದೆ. ಬೆಂಗಳೂರಿನ ಬಾಡಿಗೆ ಮನೆ ಬಿಡುವವರು ಅಡ್ವಾನ್ಸ್ ವಾಪಸ್ ಬರುವ ಖಾತೆ ಯಾವುದೆಂದು ಬರೆದುಕೊಡಿ, ಗೃಹಜ್ಯೋತಿಗೆ ಜೋಡಿಸಿದ ಆಧಾರ್ ಬಿಡಿಸಿಕೊಳ್ಳಿ. ಪಿಎಫ್ ದುಡ್ಡನ್ನು ಮುಟ್ಟಬೇಡಿ. ಐದು ವರ್ಷ ತುಂಬುವ ಮುಂಚೆ ತೆಗೆದರೆ ತೆರಿಗೆ ಬೀಳುತ್ತದೆ, ಬಿಟ್ಟರೆ ಬಡ್ಡಿ ಬರುತ್ತಿರುತ್ತದೆ.

ವಿಮೆ, ಎಲ್ಲರೂ ಮರೆಯುವ ಜಾಗ

ಕಂಪನಿ ಕೆಲಸ ಬಿಟ್ಟ ದಿನವೇ ಅದರ ಗುಂಪು ಆರೋಗ್ಯ ವಿಮೆಯೂ ಮುಗಿಯುತ್ತದೆ. ನಿಮಗೇನೋ ಅಕಾಡೆಮಿಯಲ್ಲಿ ಚಿಕಿತ್ಸೆ ಸಿಗುತ್ತದೆ. ಆ ವಿಮೆಯಲ್ಲಿದ್ದ ಅಪ್ಪ ಅಮ್ಮನ ಗತಿ? ಕೆಲಸ ಬಿಡುವ ಮುಂಚೆಯೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗ ಮಾಡಿಸಲು ಕೇಳಿ, ಅದಕ್ಕೆ ಅವಕಾಶ ಇದೆ. ಈಗಾಗಲೇ ಪಾಲಿಸಿ ಇದ್ದರೆ ಪ್ರೀಮಿಯಂ ವರ್ಷಕ್ಕೊಮ್ಮೆ ಕಟ್ಟುವಂತೆ ಮಾಡಿಕೊಳ್ಳಿ. ತಿಂಗಳ ಪ್ರೀಮಿಯಂಗೆ ಸಿಗುವ ಹೆಚ್ಚುವರಿ ಗಡುವು 15 ದಿನ, ವರ್ಷದ್ದಕ್ಕೆ 30 ದಿನ. ಸಾಧ್ಯವಾದರೆ ಹೊರಡುವ ಮುಂಚೆಯೇ ಕಟ್ಟಿಬಿಡಿ.

ನಿಮ್ಮ ಹೆಸರಲ್ಲಿ ಟರ್ಮ್ ಪಾಲಿಸಿ ಇದ್ದರೆ ‘ಇನ್ನು ಸೇನೆಯ ವಿಮೆ ಇದೆಯಲ್ಲ’ ಎಂದು ಬಿಡಬೇಡಿ. ಕೆಡೆಟ್‌ಗಳಿಗೆ ಗುಂಪು ವಿಮೆ ಇರುವುದು ನಿಜ. ಆದರೆ ತರಬೇತಿಯಲ್ಲಿ ಗಾಯಗೊಂಡು ಮೆಡಿಕಲ್ ಬೋರ್ಡ್ ಮೂಲಕ ಹೊರಬಂದ ಕೆಡೆಟ್‌ಗೆ ಮಾಜಿ ಸೈನಿಕ ಎಂಬ ಸ್ಥಾನ ಸಿಗುವುದಿಲ್ಲ. ಕಮಿಷನ್ ಆಗಿಲ್ಲದ ಕಾರಣ ಸಿಗುವುದು ಪಿಂಚಣಿಯಲ್ಲ, ಎಕ್ಸ್‌ಗ್ರೇಷಿಯಾ ಎಂಬ ಪರಿಹಾರಧನ. ಇಂಥ ಕೆಡೆಟ್‌ಗಳ ಕಷ್ಟದ ಬಗ್ಗೆ ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ತಾನೇ ಮುಂದಾಗಿ ವಿಚಾರಣೆ ಶುರು ಮಾಡಿತು. ನಿಮ್ಮ ವಿಮಾ ಕಂಪನಿಗೆ ವೃತ್ತಿ ಬದಲಾದದ್ದನ್ನು ತಿಳಿಸಿ, ಪಾಲಿಸಿಯ ಹೊರಗಿಟ್ಟ ಸಂದರ್ಭಗಳ ಪಟ್ಟಿ ಓದಿ, ನಾಮಿನಿ ಹೆಸರು ಸರಿ ಇದೆಯಾ ನೋಡಿ.

ತೆರಿಗೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ವರ್ಷದ ಸ್ಟೈಪೆಂಡ್ 6,73,200. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. ಆದರೆ ಸೇರಿದ ವರ್ಷ ಹಳೇ ಕಂಪನಿಯ ಸಂಬಳವೂ ಅದೇ ಲೆಕ್ಕಕ್ಕೆ ಬರುತ್ತದೆ, ರಿಟರ್ನ್ ಹಾಕುವುದೂ ತಪ್ಪುವುದಿಲ್ಲ. ಊರಿನ ಲೆಕ್ಕಪತ್ರದವರಿಗೆ ಕಾಗದ ಕೊಟ್ಟು ಹೋಗಿ. ಕಮಿಷನ್ ಆದ ವರ್ಷ ಬಾಕಿ ಒಟ್ಟಿಗೆ ಬಂದಾಗ ಅವರನ್ನು ಮತ್ತೆ ಕೇಳಿ, ಹಿಂದಿನ ವರ್ಷಕ್ಕೆ ಸೇರಿದ ಸಂಬಳ ಬಾಕಿಗೆ ಪರಿಹಾರ ಕೇಳುವ ದಾರಿ ಇದೆ.

ಕೊನೇ ಟರ್ಮ್‌ನ ಆಮಿಷ

ಪಾಸಿಂಗ್ ಔಟ್ ಹತ್ತಿರ ಬಂದ ಹಾಗೆ ಬ್ಯಾಂಕುಗಳಿಗೆ ಕೆಡೆಟ್‌ಗಳ ಮೇಲೆ ಎಲ್ಲಿಲ್ಲದ ಪ್ರೀತಿ ಬರುತ್ತದೆ. ಕಮಿಷನ್‌ಗೆ ಮುಂಚೆಯೇ ಕೊಡುವ ಸಾಲಕ್ಕೆ ಕೆಡೆಟ್‌ಗಳು ಪಿಸಿ (ಪ್ರೀ ಕಮಿಷನ್) ಲೋನ್ ಅನ್ನುತ್ತಾರೆ. ಬಡ್ಡಿ ಹೊರಗಿನ ಪರ್ಸನಲ್ ಲೋನ್‌ಗಿಂತ ಕಡಿಮೆ ಇರಬಹುದು, ಕಾಗದಪತ್ರವೂ ಸಲೀಸು. ಪಕ್ಕದ ಹಾಸಿಗೆಯವನು ತೆಗೆದುಕೊಂಡ, ನಾನೂ ತೆಗೆದುಕೊಂಡೆ ಎನ್ನುವ ಹಾಗೆ ಇದು ಹಬ್ಬುತ್ತದೆ. ಬುಲೆಟ್, ಕಾರು, ಹೊಸ ಫೋನ್.

ಲೆಕ್ಕ ನೋಡಿ. 10 ಲಕ್ಷ, ಶೇ 9 ಬಡ್ಡಿ, ಐದು ವರ್ಷ ಎಂದುಕೊಂಡರೆ ಕಂತು ತಿಂಗಳಿಗೆ ಸುಮಾರು 20,760. ಲೆಫ್ಟಿನೆಂಟ್‌ನ ಮೂಲ ವೇತನ, ಮಿಲಿಟರಿ ಸರ್ವಿಸ್ ಪೇ ಸೇರಿ 71,600. ಅದಕ್ಕೆ 2025ರ ಜುಲೈನ ಶೇ 58ರ ತುಟ್ಟಿಭತ್ಯೆ ಸೇರಿಸಿದರೆ 1,13,128. ಕಂತು ಆರಾಮವಾಗಿ ಕಟ್ಟಬಹುದು ಅನ್ನಿಸುತ್ತದೆ. ಆದರೆ ಇದರಲ್ಲಿ ಅಧಿಕಾರಿಗಳ ಭವಿಷ್ಯ ನಿಧಿಯಾದ ಡಿಎಸ್‌ಒಪಿಗೆ ಮೂಲ ವೇತನದ ಶೇ 6ಕ್ಕೆ ಕಡಿಮೆಯಿಲ್ಲದೆ ಹೋಗಬೇಕು, ಗುಂಪು ವಿಮೆಯ ಕಂತು, ತೆರಿಗೆ, ಮೆಸ್ ಬಿಲ್ ಹೋಗಬೇಕು. ಹೊಸ ಅಧಿಕಾರಿಯ ವೇತನ ಖಾತೆ ಅಧಿಕಾರಿಗಳ ಸಂಬಳ ನೋಡಿಕೊಳ್ಳುವ ಪುಣೆಯ ಪಿಸಿಡಿಎ ಕಚೇರಿಯಲ್ಲಿ ಸರಿಹೊಂದುವ ತನಕ ಮೊದಲ ತಿಂಗಳುಗಳ ಸಂಬಳ ಹೆಚ್ಚುಕಮ್ಮಿ ಆಗಬಹುದು. ಯುನಿಟ್‌ಗೆ ಹೊರಡುವ ಖರ್ಚೂ ಅದೇ ಹೊತ್ತಿಗೆ ಬರುತ್ತದೆ.

ಈ ಸಾಲಕ್ಕೆ ಒಂದೇ ಒಂದು ಒಳ್ಳೇ ಉಪಯೋಗ ನನಗೆ ಕಾಣುವುದು. ಶೇ 11, 12ರ ಶಿಕ್ಷಣ ಸಾಲ ಉಳಿದಿದ್ದರೆ ಅದನ್ನು ಇದರಿಂದ ತೀರಿಸಿ. ಚರ ಬಡ್ಡಿಯ ಸಾಲ ಅವಧಿಗೆ ಮುಂಚೆ ತೀರಿಸಿದರೆ ವ್ಯಕ್ತಿಗಳಿಗೆ ದಂಡ ಹಾಕುವಂತಿಲ್ಲ. ಬುಲೆಟ್‌ಗೆ ಆದರೆ ಬಾಕಿ ಬರುವ ತನಕ ಕಾಯಿರಿ. ಪೋಸ್ಟಿಂಗ್ ಎಲ್ಲಿಗೆ ಎಂದು ಗೊತ್ತಾದ ಮೇಲೆ ಬುಲೆಟ್ ಬೇಕೋ ಬೇಡವೋ ಎನ್ನುವುದೂ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಮಧ್ಯದಲ್ಲಿ ಸ್ವಂತ ಇಚ್ಛೆಯಿಂದ ತರಬೇತಿ ಬಿಟ್ಟು ಬಂದರೆ ತರಬೇತಿಯ ವೆಚ್ಚವನ್ನು ವಸೂಲಿ ಮಾಡುತ್ತಾರೆ. ಸೇರುವಾಗ ಸಹಿ ಹಾಕುವ ಬಾಂಡ್‌ನಲ್ಲಿ ಇದು ಇರುತ್ತದೆ. ತರಬೇತಿ ಮುಗಿಯುವ ತನಕ ಮದುವೆ ಆಗುವಂತಿಲ್ಲ ಎನ್ನುವ ಷರತ್ತೂ ಇದೆ, ಮುರಿದರೆ ಮನೆಗೆ ಕಳಿಸಿ ಖರ್ಚನ್ನೂ ವಾಪಸ್ ಕೇಳುತ್ತಾರೆ. ಆ ಬಾಂಡನ್ನು ಸಹಿ ಹಾಕುವ ಅಪ್ಪ ಅಮ್ಮನಿಗೂ ಓದಿ ಹೇಳಿ, ಒಂದು ಜೆರಾಕ್ಸ್ ಮನೆಯಲ್ಲಿಡಿ.